ಹೊಸ ಸಿಸ್ಟಂ ಜೋಡಿಸಿದ್ದೇನೆ, ಫ್ಯಾನ್ ತಿರುಗುತ್ತೆ, ಡಿಸ್‌ಪ್ಲೇ ಬರುತ್ತಿಲ್ಲ. ಸಹಾಯ ಮಾಡಿ

ಹೇಮಾವತಿ_ತೀರ (ಹಾಸನ)

ಎಲ್ಲರಿಗೂ ನಮಸ್ಕಾರ. ತಲೆ ಕೆಟ್ಟು ಹೋಗಿದೆ, ಅದಕ್ಕೇ ಬರೆಯುತ್ತಿದ್ದೇನೆ. ತಂಗಿಗೆ ಇಂಜಿನಿಯರಿಂಗ್ ಸೀಟ್ ಸಿಕ್ಕಿತು ಅಂತ ಹೊಸ ಡೆಸ್ಕ್‌ಟಾಪ್ ಜೋಡಿಸಿದೆ. ಎಲ್ಲಾ ಹೊಸ ಪಾರ್ಟ್ಸ್, ಒಂದೂ ಸೆಕೆಂಡ್ ಹ್ಯಾಂಡ್ ಅಲ್ಲ. ಬಟನ್ ಒತ್ತಿದರೆ ಫ್ಯಾನ್‌ಗಳು ತಿರುಗುತ್ತವೆ, ಕ್ಯಾಬಿನೆಟ್ ಲೈಟ್ ಬರುತ್ತೆ. ಮಾನಿಟರ್ ಮಾತ್ರ ನೋ ಸಿಗ್ನಲ್ ಅಂತ ತೋರಿಸಿ ಮಲಗಿಬಿಡುತ್ತೆ. ನಮ್ ಲಾಕ್ ಒತ್ತಿದರೂ ಕೀಬೋರ್ಡ್ ಲೈಟ್ ಹತ್ತುವುದಿಲ್ಲ. ರ್‍ಯಾಮ್ ತೆಗೆದು ಹಾಕಿದೆ, ಎಚ್‌ಡಿಎಂಐ ಕೇಬಲ್ ಬದಲಾಯಿಸಿದೆ, ಏನೂ ಆಗಲಿಲ್ಲ.

ಅಂಗಡಿಯವರನ್ನು ಕೇಳಿದರೆ ಎಲ್ಲಾ ಬಿಚ್ಚಿಕೊಂಡು ಬೆಂಗಳೂರಿಗೆ ತನ್ನಿ ಅಂತಾರೆ. ರೈಜನ್ 5, 16 ಜಿಬಿ ರ್‍ಯಾಮ್, ಒಳ್ಳೆ ಎಸ್‌ಎಂಪಿಎಸ್ (ಪವರ್ ಸಪ್ಲೈ). ಏನಾಗಿರಬಹುದು?

ಗಿರಿಶ್ರೇಣಿ (ಚಿಕ್ಕಮಗಳೂರು)

ರೈಜನ್ 5 ಅಂದರೆ ಯಾವುದು ಗುರು? 5600 ಅಥವಾ 5600ಜಿ? ಎರಡಕ್ಕೂ ತುಂಬಾ ವ್ಯತ್ಯಾಸ ಇದೆ. ಜಿ ಇದ್ದರೆ ಮಾತ್ರ ಒಳಗೇ ಗ್ರಾಫಿಕ್ಸ್ ಇರುತ್ತೆ. ಬರೀ 5600 ಆದರೆ ಮದರ್‌ಬೋರ್ಡಿನ ಎಚ್‌ಡಿಎಂಐಗೆ ಎಷ್ಟು ಹೊತ್ತು ಚುಚ್ಚಿಟ್ಟರೂ ಚಿತ್ರ ಬರುವುದಿಲ್ಲ. ಗ್ರಾಫಿಕ್ಸ್ ಕಾರ್ಡ್ ಬೇಕೇ ಬೇಕು, ಕೇಬಲ್ ಕಾರ್ಡಿನ ಪೋರ್ಟಿಗೇ ಹೋಗಬೇಕು. ನನ್ನ ಪ್ರಕಾರ ಇದೇ ಸಮಸ್ಯೆ.

ತೋಟದ_ಮನೆ (ಸಕಲೇಶಪುರ)

ಮೊದಲು ಅರ್ಥಿಂಗ್ ನೋಡಿ. ಮಲೆನಾಡಿನ ಕಡೆ ಅರ್ಧಕ್ಕರ್ಧ ಕಂಪ್ಯೂಟರ್ ತೊಂದರೆ ಅರ್ಥಿಂಗ್‌ನಿಂದಲೇ ಬರುವುದು. ಮಲ್ಟಿಮೀಟರ್ ತಂದು ಸಾಕೆಟ್‌ನಲ್ಲಿ ನ್ಯೂಟ್ರಲ್‌ಗೂ ಅರ್ಥ್‌ಗೂ ನಡುವೆ ಅಳೆಯಿರಿ. 2-3 ವೋಲ್ಟ್‌ಗಿಂತ ಜಾಸ್ತಿ ಬಂದರೆ ಎಲೆಕ್ಟ್ರಿಷಿಯನ್ ಕರೆಸಿ. ಕ್ಯಾಬಿನೆಟ್ ಮುಟ್ಟಿದರೆ ಜುಮ್ ಅನ್ನುತ್ತಾ?

ಹೇಮಾವತಿ_ತೀರ (ಹಾಸನ)

@ಗಿರಿಶ್ರೇಣಿ ಬರೀ 5600, ಜಿ ಅಲ್ಲ. ಕಾರ್ಡ್ ಇದೆ, ಜಿಟಿಎಕ್ಸ್ 1650. ಕೇಬಲ್ ಕಾರ್ಡಿಗೇ ಹಾಕಿದ್ದೇನೆ. ಕಾರ್ಡಿನ ಫ್ಯಾನೂ ತಿರುಗುತ್ತೆ.
@ತೋಟದ_ಮನೆ ಇಲ್ಲ ಅಣ್ಣ, ಜುಮ್ ಅನ್ನುವುದಿಲ್ಲ. ಅದೇ ಪ್ಲಗ್ಗಿನಲ್ಲಿ ಟಿವಿ ಚೆನ್ನಾಗಿಯೇ ಓಡುತ್ತೆ.

ಗಿರಿಶ್ರೇಣಿ (ಚಿಕ್ಕಮಗಳೂರು)

ಹಾಗಾದರೆ ರ್‍ಯಾಮ್. ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೇ ಮತ್ತು ನಾಲ್ಕನೇ ಸ್ಲಾಟ್‌ನಲ್ಲಿ ಹಾಕಬೇಕು. ಮೊದಲು ಒಂದೇ ಸ್ಟಿಕ್ ಹಾಕಿ ನೋಡಿ, ಎರಡನೇ ಸ್ಲಾಟ್‌ನಲ್ಲಿ. ಎರಡೂ ತುದಿಯಲ್ಲಿ ಟಕ್ ಅನ್ನುವವರೆಗೆ ಒತ್ತಿ, ಭಯ ಬೇಡ. ಕೆಲವು ಬೋರ್ಡ್‌ಗಳಲ್ಲಿ ಒಂದೇ ಕಡೆ ಲಾಚ್ ಇರುತ್ತೆ, ಇನ್ನೊಂದು ತುದಿ ಅರ್ಧ ಕೂತಿದ್ದರೂ ಗೊತ್ತಾಗುವುದಿಲ್ಲ.

ತೋಟದ_ಮನೆ (ಸಕಲೇಶಪುರ)

ಟಿವಿ ಓಡುತ್ತೆ ಅಂದರೆ ಅರ್ಥಿಂಗ್ ಸರಿ ಇದೆ ಅಂತ ಅಲ್ಲ. ಟಿವಿಗಳಿಗೆ ಸಾಮಾನ್ಯವಾಗಿ ಎರಡು ಪಿನ್ನಿನ ಪ್ಲಗ್ಗೇ ಇರುವುದು, ಅದಕ್ಕೆ ಅರ್ಥ್ ಬೇಕಾಗಿಯೇ ಇಲ್ಲ. ನಮ್ಮ ಮನೆಯಲ್ಲಿ ಇದ್ದಿಲು, ಉಪ್ಪು ತುಂಬಿ ಹೊಸ ಅರ್ಥ್ ಗುಂಡಿ ಮಾಡಿಸಿದ ಮೇಲೆ ಕಂಪ್ಯೂಟರ್ ಒಂದು ದಿನವೂ ತೊಂದರೆ ಕೊಟ್ಟಿಲ್ಲ. ಸುಮ್ನೆ ರ್‍ಯಾಮ್ ಕಿತ್ತು ಹಾಕಿ ಸ್ಲಾಟ್ ಸವೆಸಬೇಡಿ.

ತೆಂಗಿನ_ನಾಡು (ಅರಸೀಕೆರೆ)

ನಾನು ವೈರಿಂಗ್ ಕೆಲಸದವನು. ಅರ್ಥಿಂಗ್ ಕೆಟ್ಟಿದ್ದರೆ ಶಾಕ್ ಹೊಡೆಯಬಹುದು, ಸಿಡಿಲು ಬಂದಾಗ ಬೋರ್ಡ್ ಹೋಗಬಹುದು. ಆದರೆ ಫ್ಯಾನೆಲ್ಲ ತಿರುಗಿ ಚಿತ್ರ ಮಾತ್ರ ಬಾರದೇ ಇರುವುದಕ್ಕೆ ಅದು ಕಾರಣ ಅಲ್ಲ. ಹಾಸನದವರೇ, ಇನ್ವರ್ಟರ್ ಲೈನಿಗೆ ಹಾಕಿದ್ದೀರಾ? ಹಳೇ ಸ್ಕ್ವೇರ್ ವೇವ್ ಇನ್ವರ್ಟರ್ ಆದರೆ ಈಗಿನ ಆಕ್ಟಿವ್ ಪಿಎಫ್‌ಸಿ (ಪವರ್ ಫ್ಯಾಕ್ಟರ್ ಸರಿಪಡಿಸುವ ಸರ್ಕ್ಯೂಟ್) ಇರುವ ಎಸ್‌ಎಂಪಿಎಸ್‌ಗೆ ಆಗಿಬರುವುದಿಲ್ಲ. ಕರೆಂಟ್ ಹೋಗಿ ಇನ್ವರ್ಟರಿಗೆ ಬದಲಾಗುವ ಹೊತ್ತಿಗೆ ಆಫ್ ಆಗುತ್ತೆ, ಇಲ್ಲವೇ ಗುಂಯ್ ಅಂತ ಸದ್ದು ಮಾಡುತ್ತೆ. ಪ್ಯೂರ್ ಸೈನ್ ವೇವ್ ಬೇಕು.

ತೋಟದ_ಮನೆ (ಸಕಲೇಶಪುರ)

ಸ್ಕ್ವೇರ್ ವೇವ್ ಇನ್ವರ್ಟರಿನಲ್ಲೇ ವರ್ಷಗಟ್ಟಲೆ ಓಡಿಸಿದವರು ನಮ್ಮೂರಲ್ಲಿ ಬೇಕಾದಷ್ಟು ಜನ ಇದ್ದಾರೆ.

ತೆಂಗಿನ_ನಾಡು (ಅರಸೀಕೆರೆ)

ಹಳೇ ಎಸ್‌ಎಂಪಿಎಸ್ ಓಡಿರುತ್ತೆ, ಪಿಎಫ್‌ಸಿ ಇರುವುದನ್ನು ಓಡಿಸಿ ನೋಡಿ ಆಮೇಲೆ ಮಾತಾಡೋಣ.

ಹೇಮಾವತಿ_ತೀರ (ಹಾಸನ)

ಇನ್ವರ್ಟರ್ ಅಲ್ಲ ಸರ್, ನೇರ ಮೇನ್ ಲೈನ್. ಒಂದೇ ಸ್ಟಿಕ್ ಹಾಕಿದೆ, ಎಲ್ಲಾ ಸ್ಲಾಟ್‌ನಲ್ಲೂ ಹಾಕಿ ನೋಡಿದೆ. ಹಾಗೇ ಇದೆ.

ಮಳೆ_ಮೂಡಿಗೆರೆ

ಮಧ್ಯದಲ್ಲಿ ಬಾಯಿ ಹಾಕುತ್ತಿದ್ದೇನೆ, ಬೇಜಾರಾಗಬೇಡಿ. ನನ್ನದೂ ಹೆಚ್ಚುಕಡಿಮೆ ಇದೇ ಕಥೆ. ರೈಜನ್ 5 7600, ಡಿಡಿಆರ್5 ಎರಡು ಸ್ಟಿಕ್. ಆನ್ ಮಾಡಿದರೆ ಡಿರ್‍ಯಾಮ್ ಅಂತ ಬರೆದಿರುವ ಕಡೆ ಹಳದಿ ಲೈಟ್ ಹತ್ತಿ ನಿಂತುಬಿಡುತ್ತೆ. ರ್‍ಯಾಮ್ ವಾಪಸ್ ಕೊಡಲಾ?

ಗಿರಿಶ್ರೇಣಿ (ಚಿಕ್ಕಮಗಳೂರು)

ಬೇಡ ಬೇಡ! ಎಷ್ಟು ಹೊತ್ತು ಕಾಯ್ದಿರಿ? ನಿಮ್ಮ ಪ್ರೊಸೆಸರ್ ಕೂರುವ ಎಎಂ5 ಸಾಕೆಟ್ಟಿನ ಬೋರ್ಡ್ ಮೊದಲ ಸಲ ಆನ್ ಆದಾಗ ರ್‍ಯಾಮ್ ಜೊತೆ ಯಾವ ವೇಗ, ಯಾವ ಟೈಮಿಂಗ್ ಹೊಂದುತ್ತೆ ಅಂತ ತಾನೇ ಪರೀಕ್ಷೆ ಮಾಡಿಕೊಳ್ಳುತ್ತೆ. ಅದಕ್ಕೆ ಮೆಮೊರಿ ಟ್ರೈನಿಂಗ್ ಅಂತಾರೆ. ಹತ್ತು ನಿಮಿಷ ಹಿಡಿದರೂ ಹಿಡಿಯಬಹುದು. ಅಷ್ಟು ಹೊತ್ತೂ ಸ್ಕ್ರೀನ್ ಕಪ್ಪಗೇ ಇರುತ್ತೆ. ನಡುವೆ ಆಫ್ ಮಾಡಿದರೆ ಮತ್ತೆ ಮೊದಲಿಂದ. ಆನ್ ಮಾಡಿ, ಎದ್ದು ಹೋಗಿ ಊಟ ಮುಗಿಸಿ ಬನ್ನಿ. 7600ರಲ್ಲಿ ಸಣ್ಣ ಗ್ರಾಫಿಕ್ಸ್ ಒಳಗೇ ಇದೆ, ಕಾರ್ಡ್ ಇಲ್ಲದೆಯೂ ಬೋರ್ಡಿನ ಎಚ್‌ಡಿಎಂಐನಲ್ಲಿ ಚಿತ್ರ ಬರುತ್ತೆ.

ಹೋಂಸ್ಟೇ_ಹುಡುಗ (ಚಿಕ್ಕಮಗಳೂರು)

ಇದಕ್ಕೇ ನಾನು ಹಳೇ ಎಎಂ4 ಸಾಕೆಟ್ ಬಿಟ್ಟು ಕದಲುವುದಿಲ್ಲ. ನನ್ನದು 5950ಎಕ್ಸ್, 16 ಕೋರ್, 64 ಜಿಬಿ ರ್‍ಯಾಮ್. ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿ ಕಡೆಯ ಡ್ರೋನ್ ವಿಡಿಯೋ, ಮದುವೆ ವಿಡಿಯೋ ಎಲ್ಲಾ 4ಕೆಯಲ್ಲಿ ಎಡಿಟ್ ಮಾಡುತ್ತೇನೆ. ಎರಡು ಮಾನಿಟರ್, 360 ಎಂಎಂ ಲಿಕ್ವಿಡ್ ಕೂಲರ್. ನಮ್ಮ ಊರಿನ ಚಳಿಗೆ ಡಿಸೆಂಬರ್‌ನಲ್ಲಿ ಫ್ಯಾನ್ ಸದ್ದೇ ಕೇಳಿಸುವುದಿಲ್ಲ. ಫೋಟೋ ಹಾಕುತ್ತೇನೆ ನೋಡಿ.

ತೋಟದ_ಮನೆ (ಸಕಲೇಶಪುರ)

ಸೆಟಪ್ ಸೂಪರ್. ಲಿಕ್ವಿಡ್ ಕೂಲರಿಗೆ ಎಷ್ಟು ಬಿತ್ತು? ಮಳೆಗಾಲದ ತೇವಕ್ಕೆ ರೇಡಿಯೇಟರ್ ಏನೂ ಆಗುವುದಿಲ್ವಾ?

ಯಗಚಿ_ದಂಡೆ (ಬೇಲೂರು)

ಹಾಸನದವರೇ, ಇಷ್ಟು ಹೊತ್ತಾದರೂ ಮದರ್‌ಬೋರ್ಡ್ ಯಾವುದು ಅಂತ ನೀವು ಹೇಳಿಲ್ಲ, ಯಾರೂ ಕೇಳಿಯೂ ಇಲ್ಲ. ಮಾಡೆಲ್ ಪೂರ್ತಿ ಬರೆಯಿರಿ. ಬೋರ್ಡಿನ ಅಂಚಿನಲ್ಲಿ ಸಿಪಿಯು, ಡಿರ್‍ಯಾಮ್, ವಿಜಿಎ, ಬೂಟ್ ಅಂತ ನಾಲ್ಕು ಪುಟ್ಟ ಲೈಟ್ ಇದ್ದರೆ ಯಾವುದು ಹತ್ತಿ ನಿಂತಿದೆ ಅಂತ ನೋಡಿ. ಪ್ರೊಸೆಸರ್ ಪಕ್ಕದ 8 ಪಿನ್ ಪವರ್ ಹಾಕಿದ್ದೀರಾ? ಬೋರ್ಡ್ ಬಂದ ಡಬ್ಬಿಯ ಫೋಟೋನೂ ಹಾಕಿ.

ಹೇಮಾವತಿ_ತೀರ (ಹಾಸನ)

ಬಿ450 ಬೋರ್ಡ್ ಮೇಡಂ. 8 ಪಿನ್ ಹಾಕಿದೆ. ಸಿಪಿಯು ಪಕ್ಕದ ಲೈಟ್ ಕೆಂಪಗೆ ಹತ್ತಿಕೊಂಡೇ ಇರುತ್ತೆ, ಅದು ಪವರ್ ಲೈಟ್ ಇರಬೇಕು ಅಂದುಕೊಂಡಿದ್ದೆ. ಡಬ್ಬಿಯ ಫೋಟೋ ಹಾಕಿದ್ದೇನೆ. ಮೂಲೆಯಲ್ಲಿ ರೈಜನ್ 3000 ಡೆಸ್ಕ್‌ಟಾಪ್ ರೆಡಿ ಅಂತ ಸ್ಟಿಕ್ಕರ್ ಇದೆ.

ಯಗಚಿ_ದಂಡೆ (ಬೇಲೂರು)

ಸಿಕ್ಕಿತು. ಆ ಸ್ಟಿಕ್ಕರೇ ಉತ್ತರ ಹೇಳುತ್ತಿದೆ.

ಬಿ450 ಬಂದದ್ದು 2018ರಲ್ಲಿ. ನಿಮ್ಮ 5600 ಬಂದದ್ದು 2022ರಲ್ಲಿ. ಸಾಕೆಟ್ ಎರಡಕ್ಕೂ ಒಂದೇ, ಎಎಂ4. ಅದಕ್ಕೇ ಪ್ರೊಸೆಸರ್ ನೀಟಾಗಿ ಕೂರುತ್ತೆ. ಆದರೆ ಬೋರ್ಡಿನೊಳಗಿರುವ ಬಯೋಸ್, ಅಂದರೆ ಆನ್ ಮಾಡಿದಾಗ ಮೊದಲು ಓಡುವ ಸಾಫ್ಟ್‌ವೇರ್, ಹಳೇದು, 3000 ಸರಣಿಯವರೆಗೆ ಮಾತ್ರ ಅದಕ್ಕೆ ಪರಿಚಯ. 5600 ಅಂದರೆ ಯಾರು ಅಂತಲೇ ಗೊತ್ತಿಲ್ಲ. ಬೋರ್ಡ್ ಮೊದಲು ಪ್ರೊಸೆಸರ್ ನೋಡುತ್ತೆ, ಆಮೇಲೆ ರ್‍ಯಾಮ್, ಆಮೇಲೆ ಗ್ರಾಫಿಕ್ಸ್. ಮೊದಲನೆಯದರಲ್ಲೇ ನಿಂತಿರುವಾಗ ನೀವು ರ್‍ಯಾಮ್ ಎಲ್ಲಿ ಹಾಕಿದರೂ ಒಂದೇ. ಗೋಡೌನ್‌ನಲ್ಲಿ ಉಳಿದಿದ್ದ ಹಳೇ ಸ್ಟಾಕ್ ನಿಮಗೆ ಬಂದಿದೆ. ಬೋರ್ಡ್ ಕೆಟ್ಟಿಲ್ಲ, ಪ್ರೊಸೆಸರ್ರೂ ಕೆಟ್ಟಿಲ್ಲ.

ಹಿಂದುಗಡೆ ಯುಎಸ್‌ಬಿ ಪೋರ್ಟ್ ಹತ್ತಿರ ಬಯೋಸ್ ಫ್ಲ್ಯಾಶ್‌ನ ಬಟನ್ ಇದ್ದರೆ ಪ್ರೊಸೆಸರ್ ಇಲ್ಲದೆಯೂ ಅಪ್‌ಡೇಟ್ ಮಾಡಬಹುದು. ನಿಮ್ಮ ಫೋಟೋದಲ್ಲಿ ಆ ಬಟನ್ ಕಾಣುತ್ತಿಲ್ಲ. ಹಾಗಾಗಿ ಹಳೇ ಪ್ರೊಸೆಸರ್ ಹಾಕಿ, ಬಯೋಸ್ ಅಪ್‌ಡೇಟ್ ಮಾಡಿ, ಆಮೇಲೆ ನಿಮ್ಮದು ಹಾಕಬೇಕು. ನನ್ನ ಹತ್ತಿರ 3200ಜಿ ಸುಮ್ನೆ ಬಿದ್ದಿದೆ. ಹಾಸನಕ್ಕೆ ಬರುವುದಿದೆ, ತಂದು ಕೊಡುತ್ತೇನೆ.

ಗಿರಿಶ್ರೇಣಿ (ಚಿಕ್ಕಮಗಳೂರು)

ಸರಿ ಅನ್ನಿಸುತ್ತೆ. ಆದರೂ ಒಂದು ಸಲ ಬೋರ್ಡಿನ ಸೆಲ್ ತೆಗೆದು ಸಿಮೋಸ್ (ಬಯೋಸ್ ಸೆಟ್ಟಿಂಗ್ ಉಳಿಯುವ ಮೆಮೊರಿ) ಕ್ಲಿಯರ್ ಮಾಡಿ ನೋಡಬಹುದು, ಅದಕ್ಕೇನೂ ಖರ್ಚಿಲ್ಲ.

ಯಗಚಿ_ದಂಡೆ (ಬೇಲೂರು)

ಮಾಡಲಿ, ತಪ್ಪಿಲ್ಲ. ಆದರೆ ಅದರಿಂದ ಸೆಟ್ಟಿಂಗ್ ಅಳಿಸಿ ಹೋಗುತ್ತೆ ಅಷ್ಟೇ, ಬಯೋಸ್ ಹೊಸದಾಗುವುದಿಲ್ಲ.

@ಹೇಮಾವತಿ_ತೀರ, ಕೂಲರ್ ತೆಗೆಯುವಾಗ ಮಾತ್ರ ಹುಷಾರು. ಎಎಂ4ನಲ್ಲಿ ಪಿನ್‌ಗಳು ಪ್ರೊಸೆಸರಿನ ತಳದಲ್ಲೇ ಇರುತ್ತವೆ, 1331 ಪಿನ್. ಪೇಸ್ಟ್ ಅಂಟಿಕೊಂಡಿದ್ದಾಗ ಕೂಲರ್ ಎಳೆದರೆ ಲಿವರ್ ಹಾಕಿದ್ದರೂ ಪ್ರೊಸೆಸರ್ ಜೊತೆಗೇ ಕಿತ್ತು ಬರುತ್ತೆ, ಪಿನ್ ಬಾಗುತ್ತೆ. ಕೂಲರಿಗೆ ಹೇರ್ ಡ್ರೈಯರ್‌ನಿಂದ ಸ್ವಲ್ಪ ಬಿಸಿ ಕೊಡಿ. ಸ್ಕ್ರೂ ಬಿಚ್ಚಿದ ಮೇಲೆ ಎಡಕ್ಕೆ ಬಲಕ್ಕೆ ಮೆಲ್ಲಗೆ ತಿರುಗಿಸಿ. ಪೇಸ್ಟ್ ಸಡಿಲ ಆದದ್ದು ಕೈಗೇ ಗೊತ್ತಾಗುತ್ತೆ. ಆಮೇಲೆ ಎತ್ತಿ.

ಬಯೋಸ್ ಫೈಲ್ ಕಂಪನಿಯ ಸೈಟಿನಿಂದಲೇ ಇಳಿಸಿಕೊಳ್ಳಿ. ಬೋರ್ಡಿನ ಹೆಸರು, ರಿವಿಷನ್ ನಂಬರ್ ಎರಡೂ ಹೊಂದಬೇಕು. ಅಲ್ಲಿ ಬರೆದಿರುವ ಸೂಚನೆ ಓದಿ, ಕೆಲವು ಬೋರ್ಡ್‌ಗಳ ಹೊಸ ಬಯೋಸ್ ಹಳೇ ಪ್ರೊಸೆಸರ್‌ಗಳನ್ನು ಕೈಬಿಡುತ್ತೆ. ಪೆನ್‌ಡ್ರೈವ್ ಫ್ಯಾಟ್32 ಫಾರ್ಮ್ಯಾಟ್ ಮಾಡಿ.

ತೆಂಗಿನ_ನಾಡು (ಅರಸೀಕೆರೆ)

ಮೇಡಂ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಬಯೋಸ್ ಬರೆಯುವಾಗ ಕರೆಂಟ್ ಹೋದರೆ ಬೋರ್ಡ್ ಸತ್ತ ಹಾಗೇ. ಗುಡುಗು, ಗಾಳಿ ಇರುವ ಸಂಜೆ ಬೇಡ. ಯುಪಿಎಸ್ ಇದ್ದರೆ ಅದರಲ್ಲೇ ಹಾಕಿ.

ತೋಟದ_ಮನೆ (ಸಕಲೇಶಪುರ)

ಇದನ್ನು ಒಪ್ಪುತ್ತೇನೆ. ಜೊತೆಗೆ ಅರ್ಥಿಂಗ್ ನೋಡಿಸುವುದನ್ನು ಮರೆಯಬೇಡಿ, ಅದು ಯಾವತ್ತಿದ್ದರೂ ಬೇಕಾದದ್ದೇ.

ಮಳೆ_ಮೂಡಿಗೆರೆ

@ಗಿರಿಶ್ರೇಣಿ ಅಣ್ಣ, ಕಾಯ್ದೆ, ಬಂತು! ಊಟ ಮಾಡಿ ಬರುವಷ್ಟರಲ್ಲಿ ಸ್ಕ್ರೀನ್ ಮೇಲೆ ಲೋಗೋ ಇತ್ತು. ತುಂಬಾ ಥ್ಯಾಂಕ್ಸ್.

ಹೇಮಾವತಿ_ತೀರ (ಹಾಸನ)

ಆಯಿತು! ಬೇಲೂರಿನ ಅಕ್ಕ ಹೊಸ ಬಸ್ ಸ್ಟ್ಯಾಂಡ್ ಹತ್ತಿರ ಸಿಕ್ಕಿ 3200ಜಿ ಕೊಟ್ಟರು, ಜೊತೆಗೆ ಒಂದು ಟ್ಯೂಬ್ ಥರ್ಮಲ್ ಪೇಸ್ಟೂ. ಅದನ್ನು ಹಾಕಿ ಬಟನ್ ಒತ್ತಿದ ತಕ್ಷಣ ಚಿತ್ರ ಬಂತು. ಪಕ್ಕದ ಮನೆಯವರ ಯುಪಿಎಸ್ ತಂದು ಬಯೋಸ್ ಬರೆದೆ. ಆಮೇಲೆ 5600 ಹಾಕಿದೆ, ಕೆಂಪು ಲೈಟ್ ಒಂದು ಕ್ಷಣ ಮಿನುಗಿ ಆರಿತು, ನೇರ ಬಯೋಸ್ ಪುಟ. ವಿಂಡೋಸ್ ಇನ್‌ಸ್ಟಾಲ್ ಆಗುತ್ತಿದೆ. ತಂಗಿ ಪಕ್ಕದಲ್ಲೇ ಕೂತಿದ್ದಾಳೆ.

ಒಂದೇ ಅನುಮಾನ. ರ್‍ಯಾಮ್ ಪ್ಯಾಕೆಟ್ ಮೇಲೆ 3200 ಅಂತಿದೆ, ಬಯೋಸ್‌ನಲ್ಲಿ 2400 ತೋರಿಸುತ್ತಿದೆ. ಮೋಸ ಹೋದೆನಾ?

ಗಿರಿಶ್ರೇಣಿ (ಚಿಕ್ಕಮಗಳೂರು)

ಇಲ್ಲ ಗುರು, ಎಲ್ಲರಿಗೂ ಹಾಗೇ ಬರುತ್ತೆ. ಬಯೋಸ್‌ನಲ್ಲಿ ಎಕ್ಸ್‌ಎಂಪಿ ಅಂತ, ಪ್ಯಾಕೆಟ್ ಮೇಲಿನ ವೇಗಕ್ಕೆ ಏರಿಸುವ ಸೆಟ್ಟಿಂಗ್ ಇರುತ್ತೆ, ಆನ್ ಮಾಡಿ ಸೇವ್ ಮಾಡಿ. 3200 ಬರುತ್ತೆ. ಎರಡು ಸ್ಟಿಕ್ಕನ್ನೂ ಎರಡು, ನಾಲ್ಕನೇ ಸ್ಲಾಟಿಗೆ ವಾಪಸ್ ಹಾಕಿದ್ದೀರಿ ತಾನೇ?

ಸಂತೆಪೇಟೆ_ಪೇಮೆಂಟ್ (ಹಾಸನ)

ಈ ಚರ್ಚೆ ಈಗ ಕಣ್ಣಿಗೆ ಬಿತ್ತು. ನನ್ನದು ಎ320 ಬೋರ್ಡ್, 5500 ಹಾಕಿದ್ದೇನೆ, ಇದೇ ತರ ಫ್ಯಾನ್ ತಿರುಗುತ್ತೆ, ಡಿಸ್‌ಪ್ಲೇ ಇಲ್ಲ. ನನ್ನ ಬೋರ್ಡಿನಲ್ಲಿ ಆ ನಾಲ್ಕು ಲೈಟೂ ಇಲ್ಲ. ಅಕ್ಕ, ಆ 3200ಜಿ ಇನ್ನೂ ಹಾಸನದಲ್ಲೇ ಇದೆಯಾ?

ಯಗಚಿ_ದಂಡೆ (ಬೇಲೂರು)

ಹಾಸನದಲ್ಲೇ ಇದೆ, ಹೇಮಾವತಿ_ತೀರ ಅವರ ಹತ್ತಿರ. ಮೊದಲು ಬೋರ್ಡ್ ಮಾಡೆಲ್, ರಿವಿಷನ್ ಬರೆಯಿರಿ. ಎ320ರಲ್ಲಿ ಎಲ್ಲಾ ಬೋರ್ಡಿಗೂ 5000 ಸರಣಿಯ ಬಯೋಸ್ ಇಲ್ಲ. ಕಂಪನಿಯ ಸೈಟಿನಲ್ಲಿ ಸಪೋರ್ಟ್ ಪಟ್ಟಿ ನೋಡಿ 5500 ಅದರಲ್ಲಿ ಇದ್ದರೆ ಮಾತ್ರ ಮುಂದಿನ ಕೆಲಸ. ಮತ್ತೆ 5500ಗೂ ಒಳಗೆ ಗ್ರಾಫಿಕ್ಸ್ ಇಲ್ಲ, ಕಾರ್ಡ್ ಹಾಕಿದ್ದೀರಾ?