ಪ್ರಶ್ನೋತ್ತರ: ಪೇಡಾದ ಬಣ್ಣ ಇಟ್ಟಿಗೆಯಾದದ್ದು ಹೇಗೆ?

(ಅಕ್ಷರ ಮತ್ತು ಬಣ್ಣದ ಬಗ್ಗೆ ಈ ವಾರ ಗುಂಪಿನಲ್ಲಿ ಬಂದ ಪ್ರಶ್ನೆಗಳಿಗೆ ಉತ್ತರಿಸುತ್ತಿರುವವರು ಗದಗಿನಲ್ಲಿ ಇಪ್ಪತ್ತೆರಡು ವರ್ಷಗಳಿಂದ ಡಿಟಿಪಿ ಮತ್ತು ಮುದ್ರಣದ ಕೆಲಸ ಮಾಡುತ್ತಿದ್ದಾರೆ. ಬಣ್ಣವನ್ನು ಕಂಪ್ಯೂಟರಿಗೆ ಹೇಳುವ ಕೋಡ್‌ನಲ್ಲಿ ಬರುವ ಇಂಗ್ಲಿಷ್ ಅಕ್ಷರಗಳನ್ನು ಇಲ್ಲಿ ಕನ್ನಡದಲ್ಲಿ ಬರೆದಿದೆ. ನೀವು ಟೈಪಿಸುವಾಗ ಇಂಗ್ಲಿಷ್ ಅಕ್ಷರಗಳನ್ನೇ ಹಾಕಿರಿ.)

ಪ್ರಶ್ನೆ, ಧಾರವಾಡದಿಂದ: ಸರ್, ನಮ್ಮದು ಸಣ್ಣ ಮಿಠಾಯಿ ಅಂಗಡಿ. ಅಂಗಡಿಯ ಜಾಲತಾಣದಲ್ಲಿ ದೀಪಾವಳಿಯ ದರಪಟ್ಟಿ ಹಾಕುವಾಗ ‘ಧಾರವಾಡ ಪೇಡಾ’ ಎಂಬ ಎರಡು ಪದಗಳು ಪೇಡಾದ ಬಣ್ಣದಲ್ಲೇ ಇರಲಿ ಎಂದು ನಮ್ಮ ಅಜ್ಜನ ಆಸೆ. ತಾಣ ಮಾಡಿಕೊಟ್ಟವರು ಫೋನಿನಲ್ಲಿ ಕೋಡ್ ಹೇಳಿದರು. ನಾನು #ಎಬಿ4513 ಎಂದು ಬರೆದುಕೊಂಡು ಹಾಕಿದೆ. ಬಂದದ್ದು ಹೊಸ ಇಟ್ಟಿಗೆಯ ಬಣ್ಣ. ಸಾಲದ್ದಕ್ಕೆ ಅದರ ಕೆಳಗಿನ ಇಡೀ ಪಟ್ಟಿ, ಕೊನೆಯ ಫೋನ್ ನಂಬರಿನವರೆಗೂ ಅದೇ ಬಣ್ಣವಾಗಿದೆ. ಎಲ್ಲಿ ತಪ್ಪಿದೆ?

ಉತ್ತರ: ಎರಡು ಕಡೆ ತಪ್ಪಿದೆ ತಮ್ಮಾ. ಎರಡನೆಯದು ಸುಲಭ, ಅದನ್ನು ಮೊದಲು ಮುಗಿಸುತ್ತೇನೆ. ಬಣ್ಣದ ಟ್ಯಾಗ್ ಎಂದರೆ ಬಾಗಿಲು ಇದ್ದ ಹಾಗೆ. ಪದದ ಮುಂಚೆ ಚೌಕ ಕಂಸದಲ್ಲಿ ‘ಕಲರ್’ ಎಂದು ಬರೆದು, ಸಮ ಚಿಹ್ನೆ ಇಟ್ಟು, ಕೋಡ್ ಹಾಕಿ ತೆರೆಯುತ್ತೀರಿ. ಪದ ಮುಗಿದ ಕೂಡಲೇ ಇನ್ನೊಂದು ಚೌಕ ಕಂಸದಲ್ಲಿ ಓರೆಗೆರೆ ಹಾಕಿ ‘ಕಲರ್’ ಎಂದು ಬರೆದು ಮುಚ್ಚಬೇಕು. ನೀವು ಮುಚ್ಚಿಲ್ಲ, ಬಣ್ಣ ಹರಿದುಕೊಂಡು ಹೋಗಿದೆ.

ಮೊದಲ ತಪ್ಪು ನಿಮ್ಮದಲ್ಲ, ಫೋನಿನದು. ಇಂಗ್ಲಿಷಿನ ‘ಎಯ್ಟ್’ ಮತ್ತು ‘ಎ’ ಫೋನಿನಲ್ಲಿ ಒಂದೇ ತರಹ ಕೇಳಿಸುತ್ತವೆ. ಅವರು ಹೇಳಿರಬೇಕಾದದ್ದು #8ಬಿ4513. ಇದು ಹೆಸರಿರುವ ಬಣ್ಣ, ‘ಸ್ಯಾಡಲ್ ಬ್ರೌನ್’, ಅಂದರೆ ಕುದುರೆಯ ಜೀನಿನ ಕಂದು. ಹುರಿದ ಖೋವಾಕ್ಕೆ ಹತ್ತಿರದ್ದೇ.

ಒಂದೇ ಅಂಕೆಗೆ ಇಷ್ಟು ವ್ಯತ್ಯಾಸ ಏಕೆ ಎಂದು ಅಜ್ಜ ಕೇಳಿದರೆ ಆಣೆಯ ಲೆಕ್ಕದಲ್ಲಿ ಹೇಳಿರಿ. ಆರು ಸ್ಥಾನಗಳು ಎಂದರೆ ಮೂರು ಜೋಡಿಗಳು: ಕೆಂಪು, ಹಸಿರು, ನೀಲಿ, ಇದೇ ಕ್ರಮದಲ್ಲಿ. ಪ್ರತಿ ಜೋಡಿಯಲ್ಲಿ ಎಡಗಡೆಯದು ರೂಪಾಯಿ, ಬಲಗಡೆಯದು ಆಣೆ. 1957ರಲ್ಲಿ ನಯಾ ಪೈಸೆ ಬರುವವರೆಗೆ ಹದಿನಾರು ಆಣೆಗೆ ಒಂದು ರೂಪಾಯಿ ಇತ್ತಲ್ಲ, ಕಂಪ್ಯೂಟರು ಇಲ್ಲಿ ಇನ್ನೂ ಅದೇ ಲೆಕ್ಕ ಇಟ್ಟುಕೊಂಡಿದೆ. ಒಂದೇ ಸ್ಥಾನದಲ್ಲಿ ಹದಿನೈದರವರೆಗೆ ಬರೆಯಬೇಕಾದ್ದರಿಂದ ಒಂಬತ್ತರ ನಂತರ ಅಕ್ಷರಗಳು ಬರುತ್ತವೆ: ಎ ಹತ್ತು, ಬಿ ಹನ್ನೊಂದು, ಹೀಗೆ ಎಫ್ ಹದಿನೈದು. 8ಬಿ ಎಂದರೆ ಎಂಟು ರೂಪಾಯಿ ಹನ್ನೊಂದಾಣೆ, ಒಟ್ಟು 139 ಆಣೆ ಕೆಂಪು. ನೀವು ಬರೆದ ಎಬಿ ಎಂದರೆ ಹತ್ತು ರೂಪಾಯಿ ಹನ್ನೊಂದಾಣೆ, 171. ಹಸಿರು 69, ನೀಲಿ 19 ಇದ್ದಲ್ಲೇ ಇವೆ. ಕೆಂಪೊಂದೇ ಎರಡು ರೂಪಾಯಿ ಏರಿತು, ಪೇಡಾ ಇಟ್ಟಿಗೆಯಾಯಿತು. ಎಡಗಡೆಯ ಅಂಕೆ ತಪ್ಪಿದರೆ ಕಣ್ಣಿಗೆ ಹೊಡೆಯುತ್ತದೆ. ಬಲಗಡೆಯದು ಒಂದೆರಡು ಆಣೆ ತಪ್ಪಿದರೆ ಯಾರಿಗೂ ಗೊತ್ತಾಗುವುದಿಲ್ಲ.

ಮರುಪ್ರಶ್ನೆ, ಅದೇ ಧಾರವಾಡದವರು: ಸರಿಹೋಯಿತು ಸರ್. ಅಜ್ಜನಿಗೆ ಎಫ್‌ಎಫ್ ಎಷ್ಟು ಎಂದು ಕೇಳಿದೆ. ಕಾಗದ ಮುಟ್ಟದೆ, ‘ಹದಿನಾರು ರೂಪಾಯಿಗೆ ಒಂದಾಣೆ ಕಡಿಮೆ’ ಎಂದರು! ಆದರೆ ಇನ್ನೊಂದು ಕೋಡ್‌ನಲ್ಲಿ ಸೊನ್ನೆಯ ಬದಲು ಇಂಗ್ಲಿಷಿನ ‘ಓ’ ಹಾಕಿದ್ದೆ. ಒಂದು ಪುಟದಲ್ಲಿ ಬಣ್ಣವೇ ಬರಲಿಲ್ಲ, ಹಳೆಯ ಪುಟದಲ್ಲಿ ಸರಿಯಾಗಿಯೇ ಬಂತು. ಇದೇನು ಮಾಯೆ?

ಉತ್ತರ: ಅಜ್ಜನ ಲೆಕ್ಕ ಸರಿ, 255. ಸೊನ್ನೆಯೂ ಸೇರಿ ಪ್ರತಿ ಬಣ್ಣಕ್ಕೆ 256 ಮೆಟ್ಟಿಲುಗಳು. ಮೂರನ್ನೂ ಗುಣಿಸಿದರೆ 1,67,77,216 ಬಣ್ಣಗಳು.

‘ಓ’ ವಿಷಯದಲ್ಲಿ ಮಾಯೆ ಇಲ್ಲ. ಈಗಿನ ಪುಟಗಳಿಗೆ ಬಣ್ಣ ಹೇಳುವ ಸ್ಟೈಲ್ ನಿಯಮದಲ್ಲಿ ಕೋಡಿಗೆ ಸೇರದ ಒಂದು ಅಕ್ಷರ ಬಂದರೂ ಬ್ರೌಸರ್ ಆ ಸಾಲನ್ನೇ ಕೈಬಿಡುತ್ತದೆ, ಪದ ಮೊದಲಿನ ಬಣ್ಣದಲ್ಲೇ ಉಳಿಯುತ್ತದೆ. ಹಳೆಯ ಪುಟಗಳ ‘ಫಾಂಟ್’ ಟ್ಯಾಗ್ ಹಾಗಲ್ಲ. ಗೊತ್ತಿಲ್ಲದ ಅಕ್ಷರ ಕಂಡರೆ ಅದನ್ನು ಸೊನ್ನೆ ಎಂದುಕೊಂಡು ಮುಂದೆ ಹೋಗುತ್ತದೆ. ನಿಮ್ಮ ಅದೃಷ್ಟಕ್ಕೆ ಅಲ್ಲಿ ಸೊನ್ನೆಯೇ ಬೇಕಾಗಿತ್ತು. ಇನ್ನು ಮುಂದೆ ಫೋನಿನಲ್ಲಿ ಕೋಡ್ ಹೇಳುವಾಗ ಅಂಕೆಗಳನ್ನು ಕನ್ನಡದಲ್ಲಿ, ಅಕ್ಷರಗಳನ್ನು ಇಂಗ್ಲಿಷಿನಲ್ಲಿ ಹೇಳಿರಿ: ‘ಎಂಟು, ಬಿ, ನಾಲ್ಕು, ಐದು’. ನಮ್ಮ ಪ್ರೆಸ್ಸಿನಲ್ಲಿ ಹೀಗೆಯೇ ಹೇಳುತ್ತೇವೆ. ಆದರೂ ಬಿ ಮತ್ತು ಡಿ ಜಗಳ ಹಚ್ಚುತ್ತವೆ, ಅದಕ್ಕೆ ಬರೆದು ಕಳಿಸುವುದೇ ಮದ್ದು.

ಪ್ರಶ್ನೆ, ಹುಬ್ಬಳ್ಳಿಯಿಂದ: ಪರದೆಯ ಮೇಲೆ ಕಂಡ ಕೋಡ್‌ಗಳನ್ನೇ ಡಬ್ಬಿ ಮುದ್ರಿಸುವವರಿಗೆ ಕೊಟ್ಟೆ. ಗಿಳಿಹಸಿರು ಬೇಡಿದರೆ ಒಣಗಿದ ಎಲೆಯ ಹಸಿರು ಬಂತು. ಶಾಯಿಯಲ್ಲಿ ಮೋಸವೇ?

ಉತ್ತರ: ಶಾಯಿಯನ್ನು ಬೈಯಬೇಡಿ. ಪರದೆ ಬೆಳಕನ್ನು ಕೂಡಿಸುತ್ತದೆ. ಮೂರೂ ಪೂರ್ತಿ ಕೂಡಿದರೆ ಬಿಳುಪು. ಶಾಯಿ ಕಾಗದದಿಂದ ಮರಳುವ ಬೆಳಕನ್ನು ಕಳೆಯುತ್ತದೆ. ಸಯಾನ್ ಎಂಬ ತಿಳಿನೀಲಿ, ಮಜೆಂಟಾ ಎಂಬ ಕಡುಗುಲಾಬಿ, ಹಳದಿ, ಕಪ್ಪು, ಶಾಯಿಗೊಂದರಂತೆ ಇರುವ ಈ ನಾಲ್ಕು ಪ್ಲೇಟುಗಳಿಂದ #00ಎಫ್‌ಎಫ್00 ಎಂಬ ಆ ಉರಿಯುವ ಹಸಿರು ಹುಟ್ಟುವುದೇ ಇಲ್ಲ. ಫೈಲನ್ನು ಮೊದಲೇ ಮುದ್ರಣದ ನಾಲ್ಕು ಬಣ್ಣಕ್ಕೆ ಬದಲಿಸಿ ನೋಡಿದ್ದರೆ ಈ ದುಃಖ ಆಗಲೇ ಮುಗಿಯುತ್ತಿತ್ತು. ಹಾಗೆ ಬದಲಿಸುವಾಗ ಸಣ್ಣ ಅಕ್ಷರಗಳ ಕಪ್ಪು ಒಂದೇ ಪ್ಲೇಟಿನಲ್ಲಿ ಉಳಿದಿದೆಯೇ ನೋಡಿಕೊಳ್ಳಿ. ಪರದೆಯ ಕಪ್ಪು ನಾಲ್ಕೂ ಶಾಯಿಗಳಿಗೆ ಹಂಚಿಹೋದರೆ, ಪ್ಲೇಟ್ ಕೂದಲೆಳೆಯಷ್ಟು ಸರಿದರೂ ಒತ್ತಕ್ಷರಗಳ ಅಂಚಿಗೆ ಬಣ್ಣದ ನೆರಳು ಬರುತ್ತದೆ. ನಿಮ್ಮ ಊರಿನ ಬೆಂಗೇರಿಯಲ್ಲೇ ರಾಷ್ಟ್ರಧ್ವಜ ತಯಾರಾಗುತ್ತದಲ್ಲ, ಆ ಖಾದಿಯ ಬಣ್ಣಕ್ಕೂ ಪರದೆಯ ಕೋಡ್ ನಡೆಯುವುದಿಲ್ಲ. ಐಎಸ್ 1 ಎಂಬ ಭಾರತೀಯ ಮಾನಕದಲ್ಲಿ ಅದಕ್ಕೆ ಬೇರೆಯೇ ಅಳತೆಯ ಅಂಕೆಗಳಿವೆ.

ಪ್ರಶ್ನೆ, ಬ್ಯಾಡಗಿಯಿಂದ: ನಮ್ಮದು ಮೆಣಸಿನಕಾಯಿ ವ್ಯಾಪಾರ. ಜಾಲತಾಣದಲ್ಲಿ ಹಸಿರು ಹಿನ್ನೆಲೆಯ ಮೇಲೆ ಕೆಂಪು ಅಕ್ಷರ ಹಾಕಿಸಿದೆ, ಗಿಡದಲ್ಲಿ ಕಾಯಿ ಇದ್ದ ಹಾಗೆ ಕಾಣಲಿ ಎಂದು. ನೋಡಿದವರೆಲ್ಲ ಕಣ್ಣು ನೋಯುತ್ತದೆ ಎನ್ನುತ್ತಾರೆ.

ಉತ್ತರ: ಸಾಹುಕಾರರೇ, ನಿಮ್ಮ ಪೇಟೆಯಲ್ಲಿ ‘ಒಳ್ಳೆಯ ಕೆಂಪು’ ಎಂದಷ್ಟೇ ಹೇಳಿದರೆ ದೊಡ್ಡ ಖರೀದಿದಾರ ಒಪ್ಪುತ್ತಾನೆಯೇ? ಆಸ್ಟಾ, ಅಂದರೆ ಕಾಯಿಯ ಬಣ್ಣದ ಅಳತೆ, ಎಷ್ಟು ಎಂದು ಕೇಳುತ್ತಾನೆ. ಓದುವುದಕ್ಕೂ ಅಂಥದೊಂದು ಅಂಕೆ ಇದೆ. ಅಕ್ಷರ ಮತ್ತು ಹಿನ್ನೆಲೆಯ ಬೆಳಕಿನ ಅನುಪಾತ ಅದು. ಬಿಳಿಯ ಮೇಲೆ ಕಪ್ಪಿಗೆ 21. ಜಾಲತಾಣಗಳ ಅಂತರರಾಷ್ಟ್ರೀಯ ಮಾರ್ಗಸೂಚಿ ಸಾಮಾನ್ಯ ಗಾತ್ರದ ಅಕ್ಷರಕ್ಕೆ ಕನಿಷ್ಠ 4.5 ಬೇಕೆನ್ನುತ್ತದೆ. ನಿಮ್ಮ ಕೆಂಪು #ಎಫ್‌ಎಫ್0000, ಹಸಿರು #008000 ಆಗಿದ್ದರೆ ಅನುಪಾತ ಬರೀ 1.28. ಗಿಡದಲ್ಲಿ ಕಾಯಿ ಹುಡುಕುವುದು ಇದಕ್ಕಿಂತ ಸುಲಭ. ಕೆಂಪು ಹಸಿರು ಬೇರೆಬೇರೆಯಾಗಿ ಕಾಣದ ಕಣ್ಣು ಗಂಡಸರಲ್ಲಿ ಹೆಚ್ಚು. ಅವರಿಗೆ ನಿಮ್ಮ ದರವೇ ಕಾಣುವುದಿಲ್ಲ.

ಆ ಅಪ್ಪಟ ಕೆಂಪನ್ನು ಬಿಳಿಯ ಮೇಲೆ ಇಟ್ಟರೂ ಅನುಪಾತ 4, ಗೆರೆ ದಾಟುವುದಿಲ್ಲ. #8ಬಿ0000 ಹಾಕಿ ನೋಡಿರಿ, ಸುಮಾರು 10 ಬರುತ್ತದೆ. ನನ್ನ ಕಣ್ಣಿಗೆ ಒಣಗಿದ ಬ್ಯಾಡಗಿ ಕಾಯಿಯ ಬಣ್ಣವೂ ಅದೇ. ಹಸಿರು ಬಿಡಲು ಮನಸ್ಸಿಲ್ಲದಿದ್ದರೆ ಅದರ ಮೇಲೆ ಬಿಳಿ ಅಕ್ಷರ ಇಡಿರಿ. ಮತ್ತು ಅಕ್ಷರಕ್ಕೆ ಬಣ್ಣ ಕೊಟ್ಟಲ್ಲಿ ಹಿನ್ನೆಲೆಗೂ ಕೊಡಿರಿ. ಕಪ್ಪು ಎಂದು ಅಕ್ಷರಕ್ಕೆ ಮಾತ್ರ ಬರೆದು ಬಿಟ್ಟರೆ, ರಾತ್ರಿ ಮೊಬೈಲನ್ನು ಕಪ್ಪು ಹಿನ್ನೆಲೆಗೆ ಬದಲಿಸಿಕೊಂಡವನಿಗೆ ಖಾಲಿ ಪುಟ ಕಾಣಬಹುದು.

ಪ್ರಶ್ನೆ, ಹಾವೇರಿಯ ಶಿಕ್ಷಕಿ: ಸರ್, ಎರಡನೆಯ ತರಗತಿಯ ಮಕ್ಕಳಿಗಾಗಿ ‘ಅಕ್ಕ’, ‘ಅಮ್ಮ’, ‘ಹಳ್ಳಿ’ ಬರೆದು ಒತ್ತಕ್ಷರವನ್ನು ಮಾತ್ರ ಕೆಂಪು ಮಾಡಬೇಕು. ಟ್ಯಾಗ್ ಹಾಕಿದರೆ ಒತ್ತು ಕಳಚಿಕೊಂಡು ಪಕ್ಕಕ್ಕೆ ಬಂದು ಕೂರುತ್ತದೆ. ಆದರೆ ನಿವೃತ್ತರಾದ ನಮ್ಮ ಮಾಸ್ತರರು ‘ನುಡಿ’ ತಂತ್ರಾಂಶದಲ್ಲಿ ಇದನ್ನೇ ಮಾಡಿಟ್ಟಿದ್ದಾರೆ!

ಉತ್ತರ: ಅಕ್ಕಾವರೇ, ಇಷ್ಟು ವರ್ಷಗಳಲ್ಲಿ ಯಾರೂ ಕೇಳದ ಪ್ರಶ್ನೆ. ಮಾಸ್ತರರು ಸುಳ್ಳು ಹೇಳಿಲ್ಲ. ನುಡಿಯ ಹಳೆಯ ಫಾಂಟುಗಳಲ್ಲಿ ಅಕ್ಷರದ ಪ್ರತಿ ತುಂಡೂ ಬೇರೆ ಬೇರೆ ಅಚ್ಚಿನ ಮೊಳೆ ಇದ್ದ ಹಾಗೆ. ಕ ಒಂದು, ಅದರ ಒತ್ತು ಇನ್ನೊಂದು. ಒತ್ತನ್ನು ಹಿಡಿದು ಕೆಂಪು ಮಾಡಿದರೆ ಅದಷ್ಟೇ ಕೆಂಪಾಗುತ್ತದೆ. ಈಗಿನ ಮೊಬೈಲು, ಜಾಲತಾಣಗಳು ಬಳಸುವ ಯೂನಿಕೋಡ್‌ನಲ್ಲಿ ‘ಕ್ಕ’ ಎಂದರೆ ಕ, ಅದರ ಸ್ವರ ತೆಗೆಯುವ ಹಲಂತ ಚಿಹ್ನೆ, ಮತ್ತೊಂದು ಕ. ಮೂರೂ ಕೂಡಿದ ಮೇಲೆ ಫಾಂಟು ಅವುಗಳನ್ನು ಜೋಡಿಸಿ ಒತ್ತು ಮಾಡುತ್ತದೆ. ನೀವು ನಡುವೆ ಟ್ಯಾಗ್ ಇಟ್ಟರೆ ಜೋಡಣೆಯೇ ಮುರಿಯುತ್ತದೆ. ಒಂದು ಬ್ರೌಸರಿನಲ್ಲಿ ಹೇಗೋ ಸರಿಯಾಗಿ ಕಂಡದ್ದು ಇನ್ನೊಂದರಲ್ಲಿ ಒಡೆಯುತ್ತದೆ, ಅದನ್ನು ನಂಬಿ ಪಾಠ ಮಾಡಬೇಡಿ.

ಹಾಗೆಂದು ಹಳೆಯ ಫಾಂಟಿಗೆ ಮರಳಬೇಡಿ, ಮೊಬೈಲಿನಲ್ಲಿ ಅದು ಅರ್ಥವಿಲ್ಲದ ಇಂಗ್ಲಿಷ್ ಗೀಚಾಗಿ ಕಾಣುತ್ತದೆ. ಪದವನ್ನು ಚಿತ್ರ ಮಾಡಿ ಹಾಕಿರಿ. ಕೋರೆಲ್ ಡ್ರಾ ಎಂಬ ಚಿತ್ರದ ತಂತ್ರಾಂಶದಲ್ಲಿ ದಪ್ಪವಾಗಿ ಬರೆದು, ಅಕ್ಷರವನ್ನು ಕರ್ವ್ ಮಾಡಿ, ಅಂದರೆ ಬರೀ ಗೆರೆಗಳ ಆಕೃತಿಯಾಗಿಸಿ, ತುಂಡುತುಂಡಾಗಿ ಬಿಡಿಸಿರಿ. ಬಿಡಿಸಿದ ಕೂಡಲೇ ‘ಮ’ದ ಹೊಟ್ಟೆ ತುಂಬಿಕೊಂಡು ಮುದ್ದೆಯಾಗುತ್ತದೆ, ಹೆದರಬೇಡಿ. ಹೊರಗೆರೆ ಮತ್ತು ಒಳಗಿನ ತೂತನ್ನು ಒಟ್ಟಿಗೆ ಆರಿಸಿ ‘ಕಂಬೈನ್’ ಒತ್ತಿದರೆ ಹೊಟ್ಟೆ ಮತ್ತೆ ತೆರೆಯುತ್ತದೆ. ಆಮೇಲೆ ಒತ್ತಿಗಷ್ಟೇ ಬಣ್ಣ ತುಂಬಿರಿ. ಹತ್ತು ಪದಗಳಿದ್ದರೆ ಇಲ್ಲೇ ಬರೆಯಿರಿ, ಭಾನುವಾರ ಪ್ರೆಸ್ಸಿಗೆ ರಜೆ, ನಾನೇ ಮಾಡಿ ಕಳಿಸುತ್ತೇನೆ.

ಹಾವೇರಿಯ ಶಿಕ್ಷಕಿ: ಹತ್ತಲ್ಲ ಸರ್, ನಲವತ್ತೆರಡು ಇವೆ.

ಉತ್ತರ: ಹಾಗಾದರೆ ಎರಡು ಭಾನುವಾರ. ಕೆಂಪು #8ಬಿ0000 ಇರಲಿ ತಾನೇ?