ರಜಕ್ಕೆ ಓಹ್ರಿಡ್ ಹೇಗೆ ಅಂತ ಕೇಳಿದವರಿಗೆ

ಸ್ವಿಟ್ಜರ್ಲೆಂಡ್ ದುಬಾರಿ, ಕ್ರೊಯೇಷಿಯಾದಲ್ಲಿ ಕಾಲಿಡಲು ಜಾಗವಿಲ್ಲ, ಈ ಸಲ ಮಕ್ಕಳನ್ನು ಎಲ್ಲಿಗೆ ಕರ್ಕೊಂಡು ಹೋಗೋದು ಅಂತ ಯುರೋಪಿನಲ್ಲಿರುವ ನಮ್ಮ ಕನ್ನಡ ತರಗತಿಯ ಪೋಷಕರ ಗುಂಪಿನಲ್ಲಿ ಮೂರು ಜನ ಕೇಳಿದ್ದೀರಿ. ನಾವು ಹೋದ ವರ್ಷ ಉತ್ತರ ಮ್ಯಾಸಿಡೋನಿಯಾಗೆ ಹೋಗಿ ಬಂದೆವು. ಓಹ್ರಿಡ್ ಅಲ್ಲಿನ ಒಂದು ಸರೋವರದ ದಡದ ಊರು. ಫೋನಿನಲ್ಲಿ ಹೇಳಿದಾಗ ಅತ್ತೆ, "ಅಲೆಕ್ಸಾಂಡರನ ಊರಾ?" ಅಂದರು. ಅಲೆಕ್ಸಾಂಡರನ ಮ್ಯಾಸಿಡೋನಿಯಾ ಅನ್ನೋ ಹೆಸರು ಯಾರದ್ದು ಅಂತ ಗ್ರೀಸಿನವರೂ ಇವರೂ ವರ್ಷಗಟ್ಟಲೆ ಜಗಳವಾಡಿ, 2019ರಲ್ಲಿ ದೇಶದ ಹೆಸರಿಗೇ 'ಉತ್ತರ' ಸೇರಿಸಿಕೊಳ್ಳಬೇಕಾಯಿತು. ಅಲ್ಲಿ ಈ ವಿಷಯ ಎತ್ತಬೇಡಿ, ಊಟ ತಣ್ಣಗಾಗುತ್ತದೆ.

ರಾಜಧಾನಿ ಸ್ಕೋಪ್ಯೆಗೆ ಒಂದು ದಿನ ಸಾಕು. ಮದರ್ ತೆರೇಸಾ 1910ರಲ್ಲಿ ಹುಟ್ಟಿದ ಊರು ಅದು. ಅವರ ಸ್ಮಾರಕ ಮನೆ ಊರ ನಡುವೆಯೇ ಇದೆ. ಹಳೇ ರೈಲು ನಿಲ್ದಾಣದ ಗಡಿಯಾರ 1963ರ ಜುಲೈ 26ರ ಭೂಕಂಪದಲ್ಲಿ 5 ಗಂಟೆ 17 ನಿಮಿಷಕ್ಕೆ ನಿಂತದ್ದು, ಹಾಗೇ ಬಿಟ್ಟಿದ್ದಾರೆ. ಜುಲೈ, ಆಗಸ್ಟಿನಲ್ಲಿ ಅಲ್ಲಿ ಸುಡು ಬಿಸಿಲು. ಮಾರನೇ ದಿನ ಬಸ್ ಹತ್ತಿ ಓಹ್ರಿಡ್‌ಗೆ ಹೊರಟುಬಿಡಿ.

ನಿಜವಾದ ರಜ ಓಹ್ರಿಡ್‌ನಲ್ಲಿ. ಸುಮಾರು 690 ಮೀಟರ್ ಎತ್ತರದಲ್ಲಿ ಒಂದು ಸರೋವರ, ಆಳ 290 ಮೀಟರಿನ ಹತ್ತಿರ. ಆಚೆ ದಡ ಅಲ್ಬೇನಿಯಾದ್ದು. 1979ರಲ್ಲೇ ಯುನೆಸ್ಕೋ ಪಟ್ಟಿ ಸೇರಿದೆ. ಓಹ್ರಿಡ್ ಊರಿನಿಂದ ಸುಮಾರು 30 ಕಿಲೋಮೀಟರ್ ದಕ್ಷಿಣಕ್ಕೆ, ಗಡಿಯ ಹತ್ತಿರ, ಸಂತ ನಾಉಮ್ ಮಠ ಇದೆ. ಅಂಗಳದ ತುಂಬ ನವಿಲುಗಳು. "ಇದು ನಮ್ಮದಲ್ವಾ?" ಅಂತ ನನ್ನ ಐದು ವರ್ಷದ ಮಗನಿಗೆ ಅನುಮಾನ. ಒಳಗೆ ಸಂತನ ಸಮಾಧಿ. ಕಲ್ಲಿಗೆ ಕಿವಿಯಿಟ್ಟರೆ ಅವನ ಎದೆ ಬಡಿತ ಕೇಳುತ್ತದೆ ಅನ್ನೋದು ಅಲ್ಲಿನವರ ನಂಬಿಕೆ. ಸಂತ ತೀರಿಕೊಂಡದ್ದು 910ರಲ್ಲಿ. ಮಗ ತುಂಬ ಹೊತ್ತು ಕಿವಿಯಿಟ್ಟು, "ಬಡೀತಿದೆ, ಆದ್ರೆ ನಂದು ಅನ್ಸುತ್ತೆ" ಅಂದ.

ಮಠದ ಪಕ್ಕದ ಬುಗ್ಗೆಗಳಲ್ಲಿ ಹುಟ್ಟು ಹಾಕುವ ದೋಣಿಯಲ್ಲಿ ಕರೆದುಕೊಂಡು ಹೋಗುತ್ತಾರೆ. ಇದನ್ನು ತಪ್ಪಿಸಬೇಡಿ. ನೀರು ಎಷ್ಟು ತಿಳಿಯೆಂದರೆ ತಳದ ಮರಳು ಅನ್ನ ಕುದಿಯುವ ಹಾಗೆ ಕುಣಿಯುವುದು ಕಾಣುತ್ತದೆ. ಬೆಟ್ಟದ ಆಚೆ, ಇನ್ನೂ ಎತ್ತರದಲ್ಲಿ, ಪ್ರೆಸ್ಪಾ ಅಂತ ಇನ್ನೊಂದು ಸರೋವರವಿದೆ. ಅದರ ನೀರು ಗಾಲಿಚಿತ್ಸಾ ಬೆಟ್ಟದ ಸುಣ್ಣಕಲ್ಲಿನೊಳಗೆ ಇಳಿದು ಇಲ್ಲಿ ಉಕ್ಕುತ್ತದೆ.

ಈಗ ಈ ಗುಂಪಿಗೆ ಬೇಕಾದ ವಿಷಯ. ನನ್ನ ಒಂಬತ್ತು ವರ್ಷದ ಮಗಳಿಗೂ ಶನಿವಾರದ ಕನ್ನಡ ತರಗತಿಗೂ ಆಗಿಬರಲ್ಲ. ಒತ್ತಕ್ಷರ ಅಂದರೆ ಮುಖ ಸಿಂಡರಿಸುತ್ತಾಳೆ. ಅವಳು ಬಸ್ಸಿಳಿದ ಕೂಡಲೇ PECTOPAH ಅಂತಿದ್ದ ಒಂದು ಬೋರ್ಡು ನೋಡಿ, "ಅಪ್ಪಾ, ಪೆಕ್ಟೋಪಾ ಅಂದ್ರೇನು?" ಅಂದಳು. ರೋಮನ್ 'ಪಿ' ಥರ ಕಾಣೋದು ಅವರ ಸಿರಿಲಿಕ್ ಲಿಪಿಯಲ್ಲಿ 'ರ', 'ಸಿ' ಕಂಡರೆ 'ಸ', 'ಎಚ್' ಕಂಡರೆ 'ನ' ಅಂದೆ. ಅರ್ಧ ನಿಮಿಷ ತುಟಿ ಅಲ್ಲಾಡಿಸಿ, "ರೆಸ್ತೊರಾನ್!" ಅಂತ ಕೂಗಿದಳು. ಅಲ್ಲಿಂದ ಶುರು. ಔಷಧಿ ಅಂಗಡಿ, ಬೇಕರಿ, ಬಸ್ಸಿನ ಹೆಸರು, ಒಂದನ್ನೂ ಬಿಡಲಿಲ್ಲ. ಅವರ ಈಗಿನ ಅಕ್ಷರಮಾಲೆ ಗಟ್ಟಿಯಾದದ್ದು 1945ರಲ್ಲಿ. ಅಕ್ಷರ 31, ಒಂದಕ್ಕೆ ಒಂದೇ ಉಚ್ಚಾರ. ದೇಶದ ಜನಸಂಖ್ಯೆ 20 ಲಕ್ಷವೂ ಇಲ್ಲ, ಅದರಲ್ಲೂ ದೊಡ್ಡ ಪಾಲು ಅಲ್ಬೇನಿಯನ್ ಮಾತಾಡುವವರು. "ಇಷ್ಟೇ ಜನಕ್ಕೆ ಬೇರೆ ಅಕ್ಷರ ಯಾಕೆ?" ಅಂತ ಕೇಳಿದಳು. ನಾನು ಬಾಯಿ ತೆರೆಯುವ ಮೊದಲೇ ನನ್ನ ಹೆಂಡತಿ ಕಣ್ಣು ಬಿಟ್ಟಳು, ಭಾಷಣ ಬೇಡ ಅಂತ. ಸುಮ್ನಾದೆ.

ಊಟದ ಚಿಂತೆ ಇದ್ದವರಿಗೆ: ತಾವ್ಚೆ ಗ್ರಾವ್ಚೆ ಕೇಳಿ. ಮಣ್ಣಿನ ಬಟ್ಟಲಲ್ಲಿ ಬೇಯಿಸಿದ ಬೀನ್ಸ್ ಕಾಳು, ಮೇಲೆ ಒಣ ಮೆಣಸಿನಕಾಯಿ. ಕೆಲವು ಕಡೆ ಮಾಂಸದ ತುಂಡು ಹಾಕುತ್ತಾರೆ, ಅದಕ್ಕೆ "ಬೆಸ್ ಮೆಸೊ" ಅನ್ನಿ. ಮೆಸೊ ಅಂದರೆ ಮಾಂಸ, ಸಂಸ್ಕೃತದ ನೆಂಟ. 'ಪೊಸ್ನೊ' ಅಂದರೆ ಅವರ ಉಪವಾಸದ ಅಡುಗೆ. ಹಾಲು, ಮೊಟ್ಟೆ ಇರಲ್ಲ, ಆದರೆ ಮೀನು ಇರಬಹುದು, ಕೇಳಿಕೊಳ್ಳಿ. ಸುಟ್ಟ ಕೆಂಪು ದಪ್ಪ ಮೆಣಸಿನಕಾಯಿಯ ಚಟ್ನಿ, ಐವಾರ್, ನಾಲ್ಕು ಬಾಟಲಿ ತಂದೆವು, ಚಪಾತಿಗೆ ಬಹಳ ಚೆನ್ನಾಗಿರುತ್ತದೆ.

ಈ ತಿಂಡಿಗಳ ಹೆಸರನ್ನೆಲ್ಲ ಮಗಳು ಡೈರಿಯಲ್ಲಿ ಬರೆದುಕೊಳ್ಳಲು ಕೂತಳು. ಶಾಲೆಯಲ್ಲಿ ಬರೆಯುವ ಜರ್ಮನ್‌ನಲ್ಲಿ 'ಚ್'ಗೇ ನಾಲ್ಕು ಅಕ್ಷರ (tsch) ಬೇಕು, ಎರಡು ಸಲ ಅಳಿಸಿದಳು. ಆಮೇಲೆ ತಲೆಯೆತ್ತದೆ, "ವ-ಗೆ ಚ ಒತ್ತು ಹೇಗಪ್ಪಾ?" ಅಂದಳು. ಕಾಗದದ ಕರವಸ್ತ್ರದ ಮೇಲೆ ಬರೆದು ತೋರಿಸಿದೆ.

ನಾನು ಮಾಡಿದ ತಪ್ಪು ನೀವು ಮಾಡಬೇಡಿ. ದೇಶ ಯುರೋಪಿಯನ್ ಒಕ್ಕೂಟದಲ್ಲಿಲ್ಲ, ಷೆಂಗೆನ್‌ನಲ್ಲೂ ಇಲ್ಲ. ಒಕ್ಕೂಟದ ದೇಶಗಳಲ್ಲಿ ನಮಗೆ ಸಿಗುವ ಉಚಿತ ರೋಮಿಂಗ್ ಅಲ್ಲಿ ನಡೆಯಲ್ಲ. ಬಸ್ಸಿನಲ್ಲಿ ಮಗ ನೋಡಿದ ಕಾರ್ಟೂನಿಗೆ ಬಂದ ಬಿಲ್ಲಿನಲ್ಲಿ ಇನ್ನೆರಡು ದಿನ ಇರಬಹುದಿತ್ತು. ಇಳಿದ ಕೂಡಲೇ ಅಲ್ಲಿನ ಸಿಮ್ ಹಾಕಿಕೊಳ್ಳಿ. ಭಾರತದ ಪಾಸ್‌ಪೋರ್ಟ್ ಇರುವವರು ಟಿಕೆಟ್ ತೆಗೆಯುವ ಮೊದಲೇ ಅವರ ರಾಯಭಾರ ಕಚೇರಿಯಲ್ಲಿ ವೀಸಾ ನಿಯಮ ವಿಚಾರಿಸಿ. ಒಂದು ಯೂರೋಗೆ ಸುಮಾರು 61 ಡೆನಾರ್. ಉಳಿದದ್ದನ್ನು ಅಲ್ಲೇ ಬದಲಿಸಿಕೊಳ್ಳಿ, ಹೊರಗೆ ಯಾರೂ ಸುಲಭಕ್ಕೆ ತಗೊಳ್ಳಲ್ಲ. ನನ್ನ ಹತ್ತಿರ ಇನ್ನೂ 740 ಡೆನಾರ್ ಇದೆ. ಯಾರು ಹೊರಟಿದ್ದೀರೋ ಹೇಳಿ, ಕೊಡ್ತೀನಿ, ಐವಾರ್ ತಂದುಕೊಡಿ.