ಅಪ್‌ಡೇಟ್: ಸೀಸವೋ ತಾಮ್ರವೋ ಎಂದು ಕೇಳಿದ್ದವನು ನಾನೇ

ಕ್ಯಾಲಿಫೋರ್ನಿಯಾದಲ್ಲಿ ಕಾಡುಹಂದಿ ಬೇಟೆಗೆ .308 ಅಳತೆಯ ರೈಫಲ್ ತೋಟಾಗಳಿಗೆ ಮದ್ದು, ಗುಂಡು ನಾನೇ ತುಂಬಿಕೊಳ್ಳುತ್ತೇನೆ, 165 ಗ್ರೇನ್ (ಸುಮಾರು 10.7 ಗ್ರಾಂ) ತೂಕದ ಸೀಸದ ಗುಂಡು ಒಳ್ಳೆಯದೋ ತಾಮ್ರದ್ದೋ ಎಂದು ಹೋದ ತಿಂಗಳು ಕೇಳಿದ್ದೆ. ಪ್ರಶ್ನೆಯೇ ತಪ್ಪಾಗಿತ್ತು. 2019ರ ಜುಲೈ 1ರಿಂದ ಈ ರಾಜ್ಯದಲ್ಲಿ ಬೇಟೆಗೆ ಸೀಸದ ಗುಂಡು ಬಳಸುವಂತಿಲ್ಲ ಎಂದು ತಿಳಿಸಿದವರಿಗೆ ವಂದನೆ. ಬೇಟೆಗಾರರು ಬಿಟ್ಟುಹೋದ ಅವಶೇಷ ತಿಂದು ಕಾಂಡೋರ್ ರಣಹದ್ದುಗಳು ಸೀಸದ ವಿಷಕ್ಕೆ ಸಾಯುತ್ತಿದ್ದವಂತೆ.

ಪೂರ್ಣ ತಾಮ್ರದ್ದನ್ನೇ ತಂದೆ, ಆದರೆ 150 ಗ್ರೇನ್. ತಾಮ್ರದ ಸಾಂದ್ರತೆ ಸೀಸಕ್ಕಿಂತ ಕಡಿಮೆ. ಅಷ್ಟೇ ತೂಕಕ್ಕೆ ಗುಂಡು ಉದ್ದವಾಗಿ, ತೋಟಾದ ಹಿತ್ತಾಳೆ ಕೇಸಿನೊಳಗೆ ಮದ್ದಿನ ಜಾಗವನ್ನು ನುಂಗುತ್ತದೆ. ಎರಡನ್ನೂ ಮೇಜಿನ ಮೇಲೆ ಪಕ್ಕಪಕ್ಕ ನಿಲ್ಲಿಸಿದಾಗಲೇ ಇದು ಕಣ್ಣಿಗೆ ಬಿತ್ತು. ಸೀಸದ ಗುಂಡಿನ ಮದ್ದಿನ ಲೆಕ್ಕವನ್ನೇ ಇದಕ್ಕೂ ಹಾಕಲು ಹೊರಟಿದ್ದೆನಲ್ಲ, ಒಳಗಿನ ಒತ್ತಡ ಮಿತಿಮೀರಬಹುದಿತ್ತು, ನೆನೆದರೆ ಈಗಲೂ ಬೆವರುತ್ತೇನೆ. ತಯಾರಕರ ಕೈಪಿಡಿ ಹಿಡಿದು, ಅದರಲ್ಲಿನ ಆರಂಭದ ಪ್ರಮಾಣದಿಂದಲೇ ಶುರು ಮಾಡಿದೆ. ಮೊದಮೊದಲು ಹೊಡೆತಗಳು ಚದುರುತ್ತಿದ್ದವು. ಗುಂಡನ್ನು ನಳಿಗೆಯ ಸುರುಳಿಗೀರು ಆರಂಭವಾಗುವಲ್ಲಿಂದ 0.05 ಇಂಚು ಹಿಂದೆ ಕೂರಿಸಿದ ಮೇಲೆ 100 ಗಜದಲ್ಲಿ ಮೂರೂ ತೂತುಗಳು ಒಂದೇ ಇಂಚಿನೊಳಗೆ ಬಂದವು.

ಕಳೆದ ಶನಿವಾರ ಹಂದಿ ಸಿಕ್ಕಿತು. ಭುಜದ ಮೂಳೆ ಸೀಳಿ ಆಚೆಬದಿಯ ಚರ್ಮದಡಿ ನಿಂತಿದ್ದ ಗುಂಡು ನಾಲ್ಕೆಸಳಿನ ಹೂವಿನಂತೆ ಅರಳಿತ್ತು. ತಕ್ಕಡಿಯಲ್ಲಿ 148 ಗ್ರೇನ್! ನಳಿಗೆಗೆ ತಾಮ್ರ ಅಂಟುವ ಕಾಟ ಮಾತ್ರ ನಿಜ, ಬ್ರಷ್ಷಿಗೆ ಬಿಡುವಿಲ್ಲ. ಕೊಡಗಿನಿಂದ ಅತ್ತೆ ಕಳಿಸಿದ್ದ ಕಾಚಂಪುಳಿಯ (ಅಡುಗೆಗೆ ಹಾಕುವ ಕಪ್ಪು ಹುಳಿರಸ) ಕೊನೆಯ ಹನಿಯೂ ಆ ಪಂದಿಕರಿಗೇ ಹೋಯಿತು.